ತೆಪ್ಪದ ಬಳಿಯ ಮೀನುಗಳು

ಕಳಸ

ಮಾನ್ಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ವಂದನೆಗಳು.

ಹೊಳೆಯ ತೆಪ್ಪದ ಮೇಲಿರುವ, ನಮ್ಮೂರಿಗೆ ಕುಡಿಯುವ ನೀರೆತ್ತುವ ಯಂತ್ರವು ಸುರಕ್ಷಿತವಾಗಿದೆ. ಮೀನಿಗಾಗಿ ನೀರೊಳಗೆ ತೋಟೆ ಸಿಡಿಸುವವರಿಂದ ಆ ತೆಪ್ಪ ಎರಡು ಬಾರಿ ಒಡೆದುದನ್ನು ತಾವು ಬಲ್ಲಿರಿ. ತಾವು ನೆಡಿಸಿದ ಎಚ್ಚರಿಕೆಯ ಫಲಕವನ್ನು ಯಾರೂ ಲೆಕ್ಕಿಸಲಿಲ್ಲ.

ಕಳೆದ ತಿಂಗಳಿನಿಂದ ಹೊಳೆದಡದ ಜವರಮ್ಮನವರು ತೆಪ್ಪದ ಬಳಿಯ ಮೀನುಗಳಿಗೆ ದಿನವೂ ಅಕ್ಕಿ ಹಾಕಿ ಕೈಮುಗಿಯುತ್ತಿದ್ದಾರೆ. ನಿನ್ನೆ ನನ್ನ ಕಣ್ಣೆದುರಿಗೇ, ತೋಟೆ ಹಿಡಿದು ಬಂದವನನ್ನು ಅವನ ಜೊತೆಗಾರನೇ ತಡೆದನು: “ಬ್ಯಾಡ ಮಾರಾಯ, ದೇವ್ರ ಮೀನಂತೆ!” ಇಬ್ಬರೂ ಹಿಂದಿರುಗಿದರು.

ಯಾವ ದೇವರೆಂದು ಜವರಮ್ಮನವರನ್ನು ವಿಚಾರಿಸಿದೆನು.

“ಯಾವ ದೇವ್ರೂ ಇಲ್ಲ ಮೇಷ್ಟ್ರೇ. ನೀರು ಬರ್ತದಲ್ಲ, ಸಾಕು!” ಎಂದರು.

ದಯವಿಟ್ಟು ಈ ಪತ್ರವನ್ನು ಕಡತಕ್ಕೆ ಸೇರಿಸದೆ ತಮ್ಮಲ್ಲಿಯೇ ಇರಿಸಿಕೊಳ್ಳಬೇಕು.

ಇಂತು ತಮ್ಮ ವಿಶ್ವಾಸಿ,
ಮಂಜಯ್ಯ
ನಿವೃತ್ತ ಕನ್ನಡ ಅಧ್ಯಾಪಕ