ಆರ್ಕಿಡ್ ಬೇರಿಗೆ ಕತ್ತರಿ ಹಾಕಬೇಡ

ಅಣ್ಣಾ,

ಕೆಲಸದಿಂದ ತೆಗೆದ ಆಯಾಗಳನ್ನು ಆಸ್ಪತ್ರೆಯವರು ವಾಪಸ್ ಕರೆಯುವವರೆಗೂ ನಾವು ನರ್ಸುಗಳೆಲ್ಲ ಗೇಟಿನೆದುರು ಕೂರುತ್ತೇವೆ. ನೀನು ಎದ್ದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ, ಅದಕ್ಕೇ ಹೇಳದೆ ಹೊರಟೆ.

ಆರ್ಕಿಡ್ ಮೊದಲ ಸಲ ಮೊಗ್ಗು ಬಿಟ್ಟಿದೆ. ಕುಂಡದಾಚೆ ಜೋತಾಡುತ್ತಿರುವುದು ದಾರವಲ್ಲ ಮಾರಾಯ, ಬೇರು! ನಿನ್ನ ಟೈಲರ್ ಕೈ ತುರಿಸಿತು ಅಂತ ಹೋದ ವರ್ಷದ ಹಾಗೆ ಕತ್ತರಿಸಿಬಿಟ್ಟೀಯ. ಅದು ಗಾಳಿ ಕುಡಿಯುವುದೇ ಅದರಲ್ಲಿ. ಬೇರು ಬೆಳ್ಳಗಾದಾಗ ಮಾತ್ರ ನೀರು ಕೊಡು. ಎಲೆಗಳ ನಡುವೆ ಸುರಿದರೆ ಸುಳಿ ಕೊಳೆಯುತ್ತದೆ. ಮಧ್ಯಾಹ್ನ ಕಿಟಕಿಯ ಪರದೆ ಎಳೆ, ಮರೆಯಬೇಡ.

ಪೊಲೀಸರು ಎತ್ತಿಕೊಂಡು ಹೋದರೆ ಯಾವಾಗ ಬರುತ್ತೇನೋ ಗೊತ್ತಿಲ್ಲ. ಠಾಣೆಗೆ ಬಾ, ಎಲ್ಲರೆದುರೇ ಬೈಯಿ ಬೇಕಾದರೆ. ಆದರೆ ‘ತಂಗಿಗೆ ಬುದ್ಧಿಯಿಲ್ಲ, ಬಿಟ್ಟುಬಿಡಿ ಸಾರ್’ ಅಂತ ಮಾತ್ರ ಕೈ ಮುಗಿಯಬೇಡ. ನಾನು ಬುದ್ಧಿ ಇದ್ದೇ ಹೋಗಿದ್ದೇನೆ.