ಇಳಿಸಿದ ಗಾಂಧಾರ

ಪೂಜ್ಯ ಗುರುಗಳೇ,

ನಿಮ್ಮ ಗುಬ್ಬಿಯ ನಮಸ್ಕಾರ. ಎದುರಿಗೆ ಹೇಳುವ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ನಿಮ್ಮ ಕೈಗೆ ಕೊಡುವ ಧೈರ್ಯ ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಮೊದಲ ದಿನ ನನ್ನ ಹಾಡು ಕೇಳಿ, "ಗುಬ್ಬಿ ಚಿಲಿಪಿಲಿ ಅಂದ ಹಾಗಿದೆ. ಹೋಗಲಿ, ಕೂತ್ಕೋ" ಎಂದಿರಿ. ಬಾಯಿ ತೆರೆಯಲು ಬಿಡದೆ ವರ್ಷವಿಡೀ ತಂಬೂರಿ ಮೀಟಿಸಿದಿರಿ. ಅಡುಗೆಮನೆಯಲ್ಲಿ ಲೋಟ ಬಿದ್ದರೂ "ಯಾವ ಸ್ವರ, ಹೇಳು" ಎನ್ನುತ್ತಿದ್ದಿರಿ. ನೀವು ಬರೆದ ಪುಸ್ತಕದ ಮೊದಲ ಪಾಠವೇ ಅದು: ಅನುಮಾನ ಬಂದರೆ ಗುರುವಿನ ಮುಖ ನೋಡಬೇಡಿ, ತಂಬೂರಿಯ ಮಾತು ಕೇಳಿ. ಅದನ್ನು ಓದಿಕೊಂಡು ಎಷ್ಟು ಜನ ಹಾಡುಗಾರರಾದರು!

ಈಗ ನಿಮ್ಮ ಕಿವಿಯೇ ಕೈಕೊಟ್ಟಿದೆ. ಮೇಲಿನ ಸ್ವರಗಳು ನಿಮಗೆ ಇದ್ದದ್ದಕ್ಕಿಂತ ಏರಿ ಕೇಳಿಸುತ್ತವೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ನಿಮ್ಮ ಮನೆಯ ಅಮ್ಮನಿಗೂ ನನಗೂ ಹೇಳಿದರು. ನಿಮಗೆ ಮಾತ್ರ "ವಯಸ್ಸಾಯ್ತಲ್ಲ, ಸ್ವಲ್ಪ ಮಂದ" ಎಂದು ತೇಲಿಸಿಬಿಟ್ಟರು. "ಇವರಿಗೆ ಹೇಳೋಕೆ ಹೋಗ್ಬೇಡ ಕಣೇ. ಮದುವೆಯಾದಾಗಿಂದ ನೋಡ್ತಿದೀನಿ, ಕಣ್ಣು ಹೋದ್ರೂ ತಡ್ಕೊಳ್ತಾರೆ, ಇದನ್ನ ತಡ್ಕೊಳ್ಳಲ್ಲ" ಎಂದು ಅಮ್ಮ ನನ್ನ ಕೈ ಹಿಡಿದುಕೊಂಡರು.

ಕಳೆದ ಕಛೇರಿಯಲ್ಲಿ ನೀವು ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಶ್ರುತಿ ಇಳಿಯುತ್ತಿತ್ತು. ತಬಲಾದವರು ತಲೆ ತಗ್ಗಿಸಿದರು. ಹಿಂದೆ ಕುಳಿತ ನಾನು ಗಟ್ಟಿಯಾಗಿ ಹಾಡಿ ಮುಚ್ಚಿದೆ. "ಗುರುವನ್ನೇ ನುಂಗೋಕೆ ಬರ್ತೀಯಾ?" ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಬೈದಿರಿ. ಬೈಸಿಕೊಂಡೆ. ಅಳುವೂ ಬಂತು, ನಗುವೂ ಬಂತು.

ನಿನ್ನೆಯ ಪಾಠದಲ್ಲಿ ನನ್ನ ಮೇಲಿನ ಗಾಂಧಾರ ಕೇಳಿ "ಏರಿದೆ, ಇಳಿಸು" ಎಂದಿರಿ. ಅದು ಸರಿಯಾಗಿಯೇ ಇತ್ತು ಗುರುಗಳೇ. ನೀವೇ ಕಲಿಸಿದಂತೆ ತಂಬೂರಿಯ ಮಾತು ಕೇಳಿ ಮತ್ತೆ ಅಲ್ಲೇ ನಿಂತೆ. ನೀವು ತಂಬೂರಿಯನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಆಮೇಲೆ ಮೆಲ್ಲನೆ ಕಿವಿ ಮುಟ್ಟಿಕೊಂಡಿರಿ. ನಿಮ್ಮ ಮುಖದಲ್ಲಿ ಅಷ್ಟು ಭಯವನ್ನು ನಾನೆಂದೂ ಕಂಡಿರಲಿಲ್ಲ. ನನ್ನ ಕೈಲಿ ಆಗಲಿಲ್ಲ. ಸ್ವರ ಇಳಿಸಿಬಿಟ್ಟೆ.

"ಹಾಂ, ಈಗ ಬಂತು ನೋಡು!" ಎಂದು ಕಣ್ಣು ಮುಚ್ಚಿ ತಲೆದೂಗಿದಿರಿ. ಇಷ್ಟು ವರ್ಷದಲ್ಲಿ ನನ್ನ ಹಾಡಿಗೆ ನೀವು ಹಾಗೆ ತಲೆದೂಗಿದ್ದು ಅದೇ ಮೊದಲು.

ನಾಡಿದ್ದಿನ ಕಛೇರಿಗೆ ಎಂದಿನಂತೆ ನಿಮ್ಮ ಹಿಂದೆಯೇ ಕೂರುತ್ತೇನೆ. ಎಷ್ಟು ಇಳಿಸಬೇಕೋ ನೀವೇ ಹೇಳಿ.

ನಿಮ್ಮ ಕಿವಿಗಾದರೂ ನಾನು ಸದಾ ಶ್ರುತಿಯಲ್ಲಿರಲೆಂದು ಹರಸಿ.

ನಿಮ್ಮ ಗುಬ್ಬಿ