ಮೊದಲು ಒಳಗೆ ಹೋದವಳು

ಜನವರಿ 9, ಬೆಳಿಗ್ಗೆ

ಸ್ಮಶಾನದ ಪೂರ್ವದ ಸಾಲು ಮುಗಿಯಿತು. ಪಾಚಿ ಉಜ್ಜಿ ಉಜ್ಜಿ ಬ್ರಶ್ ಬೋಳಾಗಿದೆ. ಸೊಂಟದ ಪಾಡು ಕೇಳುವುದೇ ಬೇಡ. ಹಳೇ ಮೇಷ್ಟರ ಸಮಾಧಿ ಸಿಕ್ಕಿತು — ಅಕ್ಷರ ಇನ್ನೂ ಗಟ್ಟಿ. ಶಾಲೆಯ ಚರಿತ್ರೆ ಬರೆಯಲು ಹೊರಟವಳಿಗೆ ಸತ್ತವರ ಸಹವಾಸವೇ ಜಾಸ್ತಿಯಾಯಿತು ಎಂದು ನನ್ನ ಗಂಡನ ತಮಾಷೆ. ಇರಲಿ. ಪುಸ್ತಕದಲ್ಲಿ ಒಂದಿಡೀ ಪುಟ ಅವರಮ್ಮನದು. ಎಷ್ಟೋ ವರ್ಷ ಬರೀ ಹುಡುಗರೇ ಇದ್ದ ನಮ್ಮ ಶಾಲೆಯ ಮೊದಲ ವಿದ್ಯಾರ್ಥಿನಿ ನನ್ನ ಅತ್ತೆ. ಫೋಟೋ ಸಮೇತ.

ಜನವರಿ 11

ಆ ಪುಟದ ಪ್ರೂಫ್ ಓದಿ ಹೇಳಿದೆ. ಬಟಾಣಿ ಸುಲಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಮೊದಲನೆಯವಳು ನಾನಲ್ಲ ಕಣೇ. ಗುಬ್ಬಿ."

"ಯಾವ ಗುಬ್ಬಿ?"

"ಗಾಡಿ ರಿಪೇರಿಯವರ ಮಗಳು. ಬಾಗಿಲ ಹತ್ರ ನನಗೆ ಕಾಲೇ ಏಳಲಿಲ್ಲ. ಅವಳು ಒಳಗೆ ಹೋಗಿ, ಮತ್ತೆ ಬಂದು ನನ್ನ ಎಳ್ಕೊಂಡು ಹೋದಳು. ಆ ವರ್ಷಾನೇ ಜ್ವರ ಬಂದು ಹೋಗ್ಬಿಟ್ಟಳು."

ನಿಜವಾದ ಹೆಸರು ಕೇಳಿದೆ. ನೆನಪಿಲ್ಲ. ಎಲ್ಲರ ಬಾಯಲ್ಲೂ ಗುಬ್ಬಿಯೇ. ಆ ಕಾಲದ ಹಾಜರಿ ಪುಸ್ತಕ ಗೆದ್ದಲು ತಿಂದಾಗಿದೆ.

"ಆ ಪುಟ ತೆಗಿ. ಅವಳ ಜಾಗದಲ್ಲಿ ನನ್ನ ಕೂರಿಸ್ಬೇಡ."

ಜನವರಿ 12

ಅತ್ತೆಯನ್ನು ಸ್ಮಶಾನಕ್ಕೆ ಕರೆದೊಯ್ದೆ. ನೆಟ್ಟಗೆ ಬೇಲಿಯ ಮೂಲೆಗೆ ನಡೆದರು. ಏನೂ ಬರೆಯದ ಚಪ್ಪಟೆ ಕಲ್ಲು. ಗಡಿಕಲ್ಲು ಎಂದುಕೊಂಡಿದ್ದೆ; ಗುಬ್ಬಿಯದಂತೆ.

ಶತಮಾನೋತ್ಸವ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಹೆಸರೇ ಗೊತ್ತಿಲ್ಲದವರನ್ನ ಹೇಗೆ ಹಾಕೋದು ಮೇಡಂ? ನಿಮ್ಮತ್ತೆ ಇದ್ದಾರಲ್ಲ."

ಸ್ವಲ್ಪ ಟೈಮ್ ಕೊಡಿ ಎಂದೆ.

"ಕೊಡ್ತೀನಿ. ಶಾಲೆಗೆ ನೂರಾಗೋದು ಮಾತ್ರ ನಿಲ್ಲಲ್ಲ."

ಫೆಬ್ರುವರಿ 2

ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ಗಾಡಿ ರಿಪೇರಿಯವರ ವಂಶ ಹುಡುಕಿ ಅಲೆದಿದ್ದೇ ಅಲೆದಿದ್ದು. ಕೊನೆಗೂ ಇವತ್ತು, ಪಕ್ಕದ ಪಟ್ಟಣದಲ್ಲಿ, ಗುಬ್ಬಿಯ ತಮ್ಮನ ಮಗ ಸಿಕ್ಕರು. ಗ್ಯಾರೇಜ್ ಇಟ್ಟಿದ್ದಾರೆ.

"ನಮ್ಮ ಸೋದರತ್ತೆ ಒಬ್ಬರು ಚಿಕ್ಕವರಿದ್ದಾಗ್ಲೇ ಹೋದ್ರಂತೆ. ಅಪ್ಪ ಹಟ ಹಿಡಿದು ಅವರ ಹೆಸರನ್ನೇ ನನ್ನ ಮಗಳಿಗೆ ಇಡಿಸಿದ್ರು."

ಆ ಹೆಸರು ಹಿಡಿದು ಕೂಗಿದರು. ಲಾರಿಯ ಕೆಳಗಿನಿಂದ ಒಬ್ಬಳು ಎದ್ದು ಬಂದಳು, ಕೈ ತುಂಬ ಗ್ರೀಸ್.

ಹೆಸರು ಇಲ್ಲಿ ಬರೆಯುವುದಿಲ್ಲ. ಮೊದಲು ಕಲ್ಲಿನ ಮೇಲೆ ಬರಲಿ.

ಮನೆಗೆ ಬಂದು ಅತ್ತೆಗೆ ಹೇಳಿದೆ. ತುಟಿಯಲ್ಲೇ ಹೇಳಿ ನೋಡಿಕೊಂಡರು.

"ಅದೇ. ಮೇಷ್ಟ್ರು ಹಾಜರಿ ಕೂಗುವಾಗ ಇದನ್ನೇ ಕೂಗ್ತಿದ್ರು."



ಫೆಬ್ರುವರಿ 20, ಸಂಜೆ

ಕಲ್ಲು ನಿಂತಿತು. ಹೆಸರು, ಅದರ ಕೆಳಗೆ 'ನಮ್ಮ ಶಾಲೆಯ ಮೊದಲ ವಿದ್ಯಾರ್ಥಿನಿ'. ಗ್ಯಾರೇಜಿನ ಹುಡುಗಿ ತನ್ನದೂ ಆದ ಆ ಹೆಸರನ್ನು ಗಟ್ಟಿಯಾಗಿ ಓದಿದಳು. ಅಧ್ಯಕ್ಷರ ಭಾಷಣ ಜೇಬಿನಲ್ಲೇ ಉಳಿಯಿತು. ಕಣ್ಣೊರೆಸಿಕೊಂಡು, "ಪುಸ್ತಕದಲ್ಲೂ ಹೀಗೇ ಬರಲಿ" ಎಂದರಷ್ಟೇ.

ಬಂದವರೆಲ್ಲ ಅತ್ತೆಯನ್ನು ಮಾತಾಡಿಸಿದರು. ಒಬ್ಬೊಬ್ಬರಿಗೂ ಅವರು ತಲೆ ಎತ್ತಿ ಹೇಳಿದರು: "ನಾನು ಎರಡನೆಯವಳು." ಎರಡನೆಯವರಾಗಿ ಇಷ್ಟು ಹೆಮ್ಮೆಪಟ್ಟವರನ್ನು ನಾನು ಕಂಡಿಲ್ಲ. ನನ್ನ ಅತ್ತೆ.

ಈಗ ಬಾಗಿಲಲ್ಲಿ ನಿಂತಿದ್ದಾರೆ. "ಮೂರನೆಯವಳು ಯಾರು ಅಂತ ಈಗ ನೆನಪಾಯ್ತು, ಬರ್ಕೋ" ಅನ್ನುತ್ತಿದ್ದಾರೆ. ಮೋಟು ಜಡೆಯವಳಂತೆ, ಬಾವಿ ತೋಡುವವರ ಮನೆ, ಹೆಸರು —